ಮೂರನೇ ಪ್ಲಾಟಿನ ಹುಲ್ಲು

ಸೆಂಗ್‌ಕಾಂಗ್, ಸಿಂಗಾಪುರ
12 ಜನವರಿ 2025

ಜ್ಯೋತ್ಸ್ನಾ,

ಈ ಕಾಗದ ನಾನು ಮನಸ್ಸಿನಿಂದ ಬರೆಯುತ್ತಿರುವುದಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿನ್ನ ಅಮ್ಮ ಊಟದ ತಟ್ಟೆ ಎತ್ತಿದವಳು ಅದೇ ಜಾಗದಲ್ಲಿ ಕಾಗದ, ಪೆನ್ನು ಇಟ್ಟು, ಒಂದು ಪುಟ ಆಗದೆ ಕುರ್ಚಿ ಬಿಡಬೇಡಿ ಎಂದು ಹೇಳಿ ಒಳಗೆ ಹೋಗಿದ್ದಾಳೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಎಪ್ಪತ್ತೆರಡರಲ್ಲಿ ಹೋಮ್‌ವರ್ಕ್. ಬಾಯಲ್ಲಿ ತುಳುವಾದರೆ ಐದು ನಿಮಿಷದಲ್ಲಿ ಮುಗಿಯುವ ಮಾತು. ಕೈಯಲ್ಲಿ ಬರೆಯುವುದಾದರೆ ಕನ್ನಡವೇ ಆಗಬೇಕು, ಒತ್ತಕ್ಷರ ನೆನಪು ಮಾಡಿಕೊಳ್ಳಬೇಕು, ಬೆರಳು ನೋಯುತ್ತದೆ.

ಫೋನು ನನ್ನ ಹತ್ತಿರ ಉಂಟು. ನಿನ್ನ ಹತ್ತಿರವೂ ಇತ್ತು. ಅದನ್ನು ಹೊರಗೆ ಬಿಟ್ಟು ಲಡಾಖಿನ ಬೆಟ್ಟದ ಮೇಲೆ ಒಂದು ತಗಡಿನ ಮನೆಯೊಳಗೆ ಐದು ಜನರ ಜೊತೆ ಹೋಗಿ ಬಾಗಿಲು ಹಾಕಿಕೊಂಡವಳು ನೀನು. ಅಕ್ಟೋಬರಿನಲ್ಲಿ ಹಾಕಿದ ಬಾಗಿಲನ್ನು ಬರುವ ಸೆಪ್ಟೆಂಬರ್ ಕೊನೆಯವರೆಗೆ ತೆಗೆಯುವುದಿಲ್ಲವಂತೆ. ಒಳಗೆ ಮಂಗಳ ಗ್ರಹದಲ್ಲಿ ಇದ್ದ ಹಾಗೆಯೇ ಇರಬೇಕಂತೆ. ಅಲ್ಲಿಂದ ಫೋನಿನಲ್ಲಿ ಮಾತಾಡಲು ಆಗುವುದಿಲ್ಲ, ಆದ್ದರಿಂದ ನಮಗೂ ಇಲ್ಲ. ಹದಿನೈದು ದಿನಕ್ಕೆ ಒಂದು ಕಾಗದ. ಅಮ್ಮ ಇದರ ಫೋಟೋ ತೆಗೆದು ನಿಮ್ಮ ಲೇಹ್ ಆಫೀಸಿಗೆ ಕಳಿಸುತ್ತಾಳೆ, ಅವರು ಒಳಗೆ ಬಿಡುತ್ತಾರೆ. ಭೂಮಿಯ ಮೇಲೆ ಕೂತು ಬೇರೆ ಗ್ರಹದಲ್ಲಿ ಇದ್ದೇವೆ ಎಂದು ಆಡುವುದಕ್ಕೆ ಮೂವತ್ತೊಂಬತ್ತು ವರ್ಷ ಆಗಬೇಕಿತ್ತಾ ಮಾರಾಯ್ತಿ?

ಇನ್ನು ನಿನ್ನ ಪ್ರಶ್ನೆ. 1993ರ ಪ್ರಯೋಗದ ವಿಷಯ ಎಲ್ಲ ಆ ಪುಸ್ತಕದಲ್ಲಿ ಉಂಟು, ಪುಸ್ತಕ ನೀನೇ ತೆಗೆದುಕೊಂಡು ಹೋಗಿದ್ದೀ. ಪಾಸಿರ್ ರಿಸ್ ಕಡೆ ಸಮುದ್ರಕ್ಕೆ ಮರಳು ತುಂಬಿಸಿ ಮಾಡಿದ ನೆಲ. ಗಾಳಿಗೆ ಮರಳು ಹಾರದ ಹಾಗೆ ಹುಲ್ಲು ಹಿಡಿಸಬೇಕು, ಯಾವ ರೀತಿಯಲ್ಲಿ ಹಿಡಿಯುತ್ತದೆ ಎಂದು ನೋಡಲು ಕಂಪನಿ ಮೂರು ಪ್ಲಾಟು ಮಾಡಿಸಿತು. ಒಂದಕ್ಕೆ ಮಣ್ಣು ಹೊದಿಸಿದರು. ಇನ್ನೊಂದಕ್ಕೆ ಗೊಬ್ಬರ ಬೆರೆಸಿದರು. ಮೂರನೆಯದಕ್ಕೆ ಬರೀ ನೀರು. ಉಪ್ಪು ಇಳಿದು ಹೋಗುವವರೆಗೆ ನೀರು ಬಿಡುವುದು, ಬೀಜ ಹಾಕುವುದು, ಮತ್ತೆ ನೀರು ಬಿಡುವುದು. ಫೋರ್‌ಮನ್ ನಾನು, ದಿನಾ ಬರೆದಿಟ್ಟವನೂ ನಾನು. ಹದಿನಾಲ್ಕನೇ ವಾರ ಮೂರನೇ ಪ್ಲಾಟು ಹಸಿರಾಯಿತು. ಕಂಪನಿ ಈಗ ಇಲ್ಲ. ಹುಲ್ಲು ಉಂಟು.

ಹತ್ತನೇ ವಾರ ಏನು ಮಾಡಿದಿರಿ ಅಪ್ಪ ಎಂದು ಕೇಳಿದ್ದೀ. ನೀರು ಹಾಕಿದೆವು, ಕಾದೆವು. ಪುಸ್ತಕದಲ್ಲಿ ಬರೆದದ್ದನ್ನೇ ಮತ್ತೆ ಕೇಳುವುದು ಯಾಕೆ?

ಕಿವಿಗೆ ಬಟ್ಟೆ ಕಟ್ಟಿಕೊಳ್ಳಬೇಕಂತೆ. ಇದು ಅಮ್ಮ ಹೇಳಿದ್ದು.

ಅಪ್ಪ


ಲಡಾಖ್, ಬಾಗಿಲು ಹಾಕಿ 119ನೇ ದಿನ
27 ಜನವರಿ 2025

ಪ್ರೀತಿಯ ಅಪ್ಪ,

ನಿಮ್ಮ ಬೈಗುಳ ಓದಿ ಇಡೀ ದಿನ ಖುಷಿಯಾಗಿದ್ದೆ. ನಮ್ಮ ಡಾಕ್ಟರ್ ಅಚ್ಯುತ ಅವರಿಗೂ ಓದಿ ಹೇಳಿದೆ. ಅವರೊಬ್ಬರಿಗೇ ಇಲ್ಲಿ ನನ್ನ ಬಿಟ್ಟರೆ ಕನ್ನಡ ಬರುವುದು. ನಿಮ್ಮ ಅಪ್ಪನನ್ನೇ ಒಳಗೆ ಕರೆತಂದಿದ್ದರೆ ಗಿಡಗಳು ಹೆದರಿಯಾದರೂ ಬೆಳೀತಿದ್ವು ಅಂದರು.

ಗಿಡಗಳು ಬೆಳೆಯುತ್ತಿಲ್ಲ, ಅದೇ ಪ್ರಾಬ್ಲಂ. ನನ್ನದು ನಲವತ್ತು ಟ್ರೇ. ಅದರಲ್ಲಿರುವುದು ಮಂಗಳದ ಧೂಳಿನ ನಕಲು. ಲಾವಾ ಕಲ್ಲನ್ನು ಪುಡಿ ಮಾಡಿ, ಅಲ್ಲಿರುವಂಥದೇ ವಿಷದ ಉಪ್ಪು ಸೇರಿಸಿ, ಒಂದು ಜೀವಾಣುವೂ ಉಳಿಯದ ಹಾಗೆ ಬೇಯಿಸಿ ಕೊಟ್ಟಿದ್ದಾರೆ. ನಿಮ್ಮ ಪುಸ್ತಕದಲ್ಲಿ ಇರುವ ಹಾಗೇ ತೊಳೆದೆ, ಕಾದೆ, ತೊಳೆದೆ. ಬಾರ್ಲಿ ಮೊಳಕೆ ಚೆನ್ನಾಗಿಯೇ ಬರುತ್ತದೆ. ಮೂರನೇ ಎಲೆಗೆ ಹಳದಿಯಾಗಿ ಮಲಗಿಬಿಡುತ್ತದೆ. ಅದಕ್ಕೇ ಹತ್ತನೇ ವಾರದ ಬಗ್ಗೆ ಕೇಳಿದ್ದು. ನಿಮ್ಮ ಹುಲ್ಲೂ ಒಂಬತ್ತನೇ ವಾರದಲ್ಲಿ ಹಳದಿಯಾಗಿದೆ. ಆಮೇಲೆ ‘ನೀರು. ಕಾದೆವು.’ ಅಷ್ಟೇ. ಆ ಎರಡು ಮಾತಿನಲ್ಲಿ ಏನೋ ಇದೆ ಅಪ್ಪ, ನನ್ನ ಕೈಗೆ ಸಿಗುತ್ತಿಲ್ಲ. ನನ್ನ ತೊಳೆಯುವುದರಲ್ಲಿ ತಪ್ಪಾ, ಕಾಯುವುದರಲ್ಲಿ ತಪ್ಪಾ?

ಉಸಿರಾಡುವ ಗಾಳಿ ಇಲ್ಲದ, ಬೋಳು ಗ್ರಹದಲ್ಲಿ ಜನ ಇರಲು ಆಗುತ್ತದಾ ಅಂತ ಕೇಳಿದರೆ ನಮ್ಮವರಲ್ಲಿ ಹೆಚ್ಚಿನವರು ತಲೆ ಅಲ್ಲಾಡಿಸುತ್ತಾರೆ. ಗಾಜಿನ ಮನೆ ಕಟ್ಟಬಹುದು, ಮಂಜುಗಡ್ಡೆ ಕರಗಿಸಿ ನೀರು ಮಾಡಬಹುದು, ಆದರೆ ಜೀವ ಇರುವ ಮಣ್ಣನ್ನು ಇಲ್ಲಿಂದಲೇ ಹೊರಬೇಕು. ಒಂದು ಊರಿಗೆ ಬೇಕಾಗುವಷ್ಟು ಮಣ್ಣನ್ನು ಯಾವ ರಾಕೆಟ್ಟೂ ಹೊರುವುದಿಲ್ಲ ಅನ್ನುತ್ತಾರೆ. ಹೊರುವುದು ಬೇಡ, ನೀರು ಮತ್ತು ಸಮಯ ಸಾಕು ಅನ್ನುವವಳು ನಾನು. ಆ ಧೈರ್ಯ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಲ್ಲ. ಸತ್ತ ಮರಳಿಗೆ ಬರೀ ನೀರು ಹಾಕಿ ದಿನದಿನವೂ ಬರೆದಿಟ್ಟವರು ನಾನು ಹುಡುಕಿದ ಮಟ್ಟಿಗೆ ಒಬ್ಬರೇ. ಅದೂ ಕನ್ನಡದಲ್ಲಿ. ನನ್ನ ಗೈಡಿಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ, ನಾನು ಅನುವಾದ ಮಾಡಿ ಕೊಟ್ಟದ್ದನ್ನು ನಂಬಿದರು. ಪೂರ್ತಿ ನಂಬಿದ್ದು 2016ರಲ್ಲಿ, ಮೂರನೇ ಪ್ಲಾಟಿಗೆ ಪೈಪು ಇಳಿಸಿ ಒಳಗಿನ ಮಣ್ಣು ತೆಗೆದು ನೋಡಿದಾಗ. ನೀವೇ ಪೈಪು ಹಿಡಿದಿದ್ದಿರಲ್ಲ. ಒಂದು ಗೇಣು ಕೆಳಗೆ ಆ ಕಪ್ಪು ಪಟ್ಟಿ ಕಂಡಾಗ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದೆ. ಇಪ್ಪತ್ತಮೂರು ವರ್ಷದಲ್ಲಿ ಹುಲ್ಲಿನ ಬೇರೇ ಮಾಡಿದ ಮಣ್ಣು.

ಸ್ಟೋರಿನಲ್ಲಿ ಒಂದು ಡ್ರಮ್ ಭೂಮಿಯ ಮಣ್ಣು ಸೀಲ್ ಮಾಡಿ ಇಟ್ಟಿದ್ದಾರೆ. ನನ್ನ ಟ್ರೇಗಳು ಫೇಲ್ ಆದರೆ ತೆರೆಯಲು. ನಾನಂತೂ ಮುಟ್ಟುವುದಿಲ್ಲ. ಗಿಡಗಳು ಕೊಡಬೇಕಾದ ಆಕ್ಸಿಜನ್ ಕೊಡುತ್ತಿಲ್ಲವಾದ್ದರಿಂದ ಸದ್ಯ ಸಿಲಿಂಡರಿನಿಂದ ಬಿಡುತ್ತಿದ್ದಾರೆ. ಅದೆಲ್ಲ ಪ್ಲಾನ್‌ನಲ್ಲಿ ಇದ್ದದ್ದೇ, ನಮ್ಮ ಸಿಂಗಾಪುರದವರ ಹಾಗೆ ಹೇಳುವುದಾದರೆ, ವರಿ ಮಾಡಬೇಡಿ ಲಾ.

ನಿಮ್ಮ
ಜ್ಯೋತ್ಸ್ನಾ


ಸೆಂಗ್‌ಕಾಂಗ್
16 ಫೆಬ್ರವರಿ 2025

ಜ್ಯೋತ್ಸ್ನಾ,

ನಿನ್ನ ಕಾಗದ ಬಂದು ಎರಡು ವಾರ ಆದರೂ ಬರೆಯಲಿಲ್ಲ ಎಂದು ಅಮ್ಮನಿಗೆ ಕೋಪ. ಬರೆಯಲು ಏನಿತ್ತು? ಎಂದಿನ ಹಾಗೆ ಎಲ್‌ಆರ್‌ಟಿ ರೈಲು ಸುತ್ತುತ್ತದೆ, ಬ್ಲಾಕಿನ ಕೆಳಗಿನ ಖಾಲಿ ಅಂತಸ್ತು, ಆ ವಾಯ್ಡ್ ಡೆಕ್‌ನಲ್ಲಿ ಮುದುಕರು ಚೆಸ್ ಆಡುತ್ತಾರೆ, ನಾನು ಹೋಗಿ ಜಗಳ ಮಾಡಿ ಬರುತ್ತೇನೆ.

ಮೊನ್ನೆ ಬೆಳಗ್ಗೆ ಪಾಸಿರ್ ರಿಸ್‌ಗೆ ಹೋಗಿದ್ದೆ. ಮೀನು ತರಲು ಎಂದು ಅಮ್ಮನಿಗೆ ಹೇಳಿದ್ದೆ. ಅಲ್ಲ ಎಂದು ಇದರ ಫೋಟೋ ತೆಗೆಯುವಾಗ ಅವಳಿಗೆ ಗೊತ್ತಾಗುತ್ತದೆ, ಗೊತ್ತಾಗಲಿ. ನಮ್ಮ ಪ್ಲಾಟು ಇದ್ದ ಕಡೆ ಈಗ ಬೇಲಿ ಹಾಕಿದ್ದಾರೆ. ಬೇಲಿಯ ಹೊರಗೆ ಅರ್ಧ ಗಂಟೆ ನಿಂತಿದ್ದೆ. ಒಬ್ಬ ಸೆಕ್ಯೂರಿಟಿಯವನು ಬಂದು, ಅಂಕಲ್ ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಏನೂ ಇಲ್ಲ ಎಂದೆ.

ನಿನ್ನ ಬಾರ್ಲಿಯ ವಿಷಯ ನನಗೆ ಹೇಗೆ ಗೊತ್ತು? ಇದು ಬಿಸಿಲಿನ ಊರು, ಅದು ಮಂಜಿನ ಊರು. ಇಲ್ಲಿ ನಡೆದದ್ದು ಅಲ್ಲಿಯೂ ನಡೆಯಬೇಕು ಎಂದು ಯಾರು ಹೇಳಿದರು? ನಿನ್ನ ತೊಳೆಯುವುದರಲ್ಲಿ ತಪ್ಪಿಲ್ಲ. ಕಾಯುವುದರಲ್ಲೂ ತಪ್ಪಿಲ್ಲ. ತಪ್ಪು ನಿನ್ನದು ಎಂದು ತಿಳಿಯಬೇಡ.

ಬರೀ ನೀರಾ ಎಂದು ಮತ್ತೆ ಕೇಳುತ್ತೀಯಲ್ಲ. ಹೌದು, ಬರೀ ನೀರು. ಬರೆದುಕೊ.

ಆ ಡ್ರಮ್ ಎಷ್ಟು ದೊಡ್ಡದು? ಸಿಲಿಂಡರ್ ಎಷ್ಟು ಉಂಟು, ಎಲ್ಲಿಯವರೆಗೆ ಬರುತ್ತದೆ? ಇವೆರಡನ್ನು ಮಾತ್ರ ಸರಿಯಾಗಿ ಬರೆ. ಪ್ಲಾನ್‌ನಲ್ಲಿ ಇದ್ದದ್ದು ಎಂದು ನನಗೆ ಹೇಳಬೇಡ, ಪ್ಲಾನ್ ಮಾಡುವವರನ್ನು ನಾನು ಮೂವತ್ತು ವರ್ಷ ನೋಡಿದ್ದೇನೆ.

ಅಪ್ಪ


ಲಡಾಖ್, 154ನೇ ದಿನ
3 ಮಾರ್ಚ್ 2025

ಪ್ರೀತಿಯ ಅಪ್ಪ,

ನಿಮ್ಮ ಕಾಗದ ಸರಿಯಾದ ಸಮಯಕ್ಕೆ ಬಂತು. ಶನಿವಾರ ನಮ್ಮ ಮೀಟಿಂಗ್ ಇತ್ತು. ಡ್ರಮ್ ತೆರೆಯೋಣ, ಸೊಪ್ಪಾದರೂ ಬೆಳೆಯಲಿ, ಗಾಳಿಯಾದರೂ ಸುಧಾರಿಸಲಿ ಎಂದು ಅಚ್ಯುತ ಹಟ ಹಿಡಿದಿದ್ದರು. ಸಿಲಿಂಡರನ್ನು ಅಂದಾಜಿಗಿಂತ ಹೆಚ್ಚು ಬಳಸುತ್ತಿದ್ದೇವೆ, ಈಗಿನಿಂದ ಕಡಿಮೆ ಬಿಡಬೇಕಾಗುತ್ತದೆ ಅಂದರು. ನಾನು ನಿಮ್ಮ ಪುಸ್ತಕದ ಆ ಪುಟಗಳನ್ನು ಓದಿದೆ. ಒಂಬತ್ತನೇ ವಾರ ಹಳದಿ, ಹದಿನಾಲ್ಕನೇ ವಾರ ಹಸಿರು. ಆಮೇಲೆ ನಿಮ್ಮ ಕಾಗದ: ಹೌದು, ಬರೀ ನೀರು.

ಅಚ್ಯುತ ಕೇಳಿದರು, “ಜ್ಯೋತ್ಸ್ನಾ, ಮೂವತ್ತು ವರ್ಷದ ಹಿಂದಿನ ಒಂದು ನೋಟ್‌ಬುಕ್ ನಂಬಿ ಆರು ಜನ ಉಸಿರು ಹಿಡ್ಕೊಂಡು ಕೂರೋದಾ?”

“ನಮ್ಮಪ್ಪ ಬೈತಾರೆ, ಜಗಳ ಆಡ್ತಾರೆ. ಸುಳ್ಳು ಮಾತ್ರ ಹೇಳಲ್ಲ,” ಅಂದೆ.

ನಾಲ್ಕು ವೋಟು ನನ್ನ ಕಡೆ, ಎರಡು ಅವರ ಕಡೆ. ಡ್ರಮ್ ಇದ್ದರೆ ಎಲ್ಲರ ಕಣ್ಣೂ ಅದರ ಮೇಲೇ ಇರುತ್ತದೆ, ಹಾಗಾಗಿ ಅದನ್ನು ಹೊರಗೆ ಕಳಿಸಿಬಿಡೋಣ ಎಂದು ನಾನೇ ಹೇಳಿದೆ. ಕಸ ಹಾಕಲು ಎರಡು ಬಾಗಿಲಿನ ಒಂದು ಗೂಡು ಇದೆ. ಅದರಿಂದ ಸಾಮಾನು ಹೊರಗೆ ಹೋಗಬಹುದು, ಒಳಗೆ ಬರುವಂತಿಲ್ಲ. ಹದಿನೈದನೇ ತಾರೀಖು ಗೂಡು ತೆರೆಯುವ ದಿನ.

ಬೆಳಗ್ಗೆ ಸ್ವಲ್ಪ ತಲೆ ಭಾರ, ಎತ್ತರದ ಜಾಗ ಅಲ್ವಾ. ಹೊಸ ಬೀಜ ಹಾಕಿದ್ದೇನೆ. ಅಮ್ಮನಿಗೆ ಆ ಗೋಡೆಯ ಫೋಟೋದ ಫೋಟೋ ತೆಗೆದು ಕಳಿಸಲು ಹೇಳಿ, ಹುಲ್ಲಿನ ಮೇಲೆ ನಿಂತು ನೀವು ಇಂಜಿನಿಯರ್ ಕೈ ಕುಲುಕುವುದು. ಇಲ್ಲಿ ಅಂಟಿಸುತ್ತೇನೆ. ಹೊಸ ಬೀಜ ಹಾಕಿದ್ದೇನೆ.

ನಿಮ್ಮ
ಜ್ಯೋತ್ಸ್ನಾ


ಸೆಂಗ್‌ಕಾಂಗ್
16 ಮಾರ್ಚ್ 2025

ಜ್ಯೋತ್ಸ್ನಾ,

ಆ ಡ್ರಮ್ ಇನ್ನೂ ಒಳಗೆ ಇದ್ದರೆ ಹೊರಗೆ ಕಳಿಸಬೇಡ. ತೆರೆ. ಅದರಲ್ಲಿರುವ ಮಣ್ಣನ್ನು ಟ್ರೇಗೆ ಹಾಕು, ಎಲ್ಲ ಟ್ರೇಗೆ. ಆ ಡಾಕ್ಟರ್ ಹೇಳಿದ್ದು ಸರಿ.

ಯಾಕೆ ಎಂದು ಕೇಳಬೇಡ. ನಾನು ಹೇಳಿದೆ ಎಂದು ಮಾಡು.

ಮೊನ್ನೆ ಸೋಮವಾರವೇ ಬರೆಯಬೇಕಿತ್ತು. ನಾಲ್ಕು ಸಲ ಬರೆದು ಹರಿದೆ. ಅಮ್ಮ ಕಾಗದದ ಚೂರು ಗುಡಿಸಿ ಏನು ಇದು ಎಂದು ಕೇಳಿದಳು, ಅವಳ ಮೇಲೂ ಕೂಗಾಡಿದೆ. ಫೋಟೋ ಕಳಿಸುವುದಿಲ್ಲ.

ಅಪ್ಪ


ಲಡಾಖ್, 182ನೇ ದಿನ
31 ಮಾರ್ಚ್ 2025

ಅಪ್ಪ,

ಡ್ರಮ್ ಹದಿನೈದಕ್ಕೇ ಹೋಯಿತು. ನಿಮ್ಮ ಕಾಗದ ಹದಿನೆಂಟಕ್ಕೆ ಬಂತು. ಇದ್ದಿದ್ದರೂ ತೆರೆಯುತ್ತಿರಲಿಲ್ಲ.

ನಿಮಗೆ ನನ್ನ ಕೆಲಸದ ಮೇಲೆ ಯಾವತ್ತೂ ನಂಬಿಕೆ ಇರಲಿಲ್ಲ. ಪಿಎಚ್‌ಡಿ ಸೇರಿದಾಗ ಮಣ್ಣು ಅಗೆಯಲು ಇಷ್ಟು ಓದಬೇಕಾ ಅಂದಿರಿ. ತೀಸಿಸ್ ತಂದು ಕೈಗೆ ಕೊಟ್ಟಾಗ ಹಾಳೆ ತಿರುವಿಹಾಕಿ ಟೀಪಾಯ್ ಮೇಲಿಟ್ಟಿರಿ. ನಿಮ್ಮದೇ ಪುಸ್ತಕದ ಮೇಲೆ ಬರೆದದ್ದು ಅದು, ಅದರ ಬಗ್ಗೆ ಇವತ್ತಿನವರೆಗೆ ಒಂದು ಮಾತು ಆಡಿಲ್ಲ. ನಿಮ್ಮ ಹುಲ್ಲು ನಿಮ್ಮದೊಬ್ಬರದೇ ಆಗಿರಬೇಕು, ಅದರಿಂದ ಮಗಳು ಏನಾದರೂ ಮಾಡುವುದು ನಿಮಗೆ ಬೇಡ, ಅಲ್ವಾ? ನೀವು ಮಾಡಿದ್ದನ್ನು ನಾನೂ ಮಾಡಿ ತೋರಿಸುವ ಹೊತ್ತಿಗೆ, ಬಿಡು, ಮಣ್ಣು ಹಾಕು ಅಂತೀರಿ. ಕಾರಣವೂ ಹೇಳುವುದಿಲ್ಲ.

ಎರಡನೇ ಬೆಳೆಯೂ ಹಳದಿ. ಇವತ್ತಿನಿಂದ ಹಗಲು ಎರಡು ಗಂಟೆ ಎಲ್ಲರೂ ಮಲಗಿಯೇ ಇರಬೇಕು, ಗಾಳಿ ಉಳಿಸಲು. ನಾನು ಇನ್ನೂ ಹೆಚ್ಚು ಕಾಯಬೇಕು. ನನ್ನ ಕಾಯುವುದರಲ್ಲೇ ಏನೋ ತಪ್ಪಿದೆ. ಇನ್ನು ಅಮ್ಮನಿಗೆ ಮಾತ್ರ ಬರೆಯುತ್ತೇನೆ. ನನ್ನ ಕಾಯುವುದರಲ್ಲೇ ಏನೋ ತಪ್ಪಿದೆ.

ಜ್ಯೋತ್ಸ್ನಾ


ಸೆಂಗ್‌ಕಾಂಗ್
13 ಏಪ್ರಿಲ್ 2025

ಜ್ಯೋತ್ಸ್ನಾ,

ನಿನ್ನ ಕಾಯುವುದರಲ್ಲಿ ತಪ್ಪಿಲ್ಲ. ನಾನು ಸುಳ್ಳು ಹೇಳಿದ್ದೇನೆ. ಮೂರನೇ ಪ್ಲಾಟಿಗೆ ಮಣ್ಣು ಹಾಕಿದ್ದೆವು.

ಇದನ್ನು ನಿನ್ನೆ ಅಮ್ಮನಿಗೆ ಹೇಳಿದೆ. ಅವಳು ಬೈಯಲಿಲ್ಲ. ಎದ್ದು ಹೋಗಿ ಗೋಡೆಯ ಫೋಟೋ ತೆಗೆದು ಕಪಾಟಿನ ಮೇಲೆ ಮಗುಚಿ ಇಟ್ಟಳು. ಈಗ ನನ್ನ ಎದುರೇ ಕೂತಿದ್ದಾಳೆ. ಪೂರ್ತಿ ಬರೆಯಿರಿ ಎಂದು ಹೇಳಿದ್ದಾಳೆ. ಬರೆಯುತ್ತೇನೆ.

ಮೂರನೇ ಪ್ಲಾಟಿಗೆ ನೀರು ಹಾಕಲು ನಾಲ್ಕು ಜನರನ್ನು ಕೊಟ್ಟಿದ್ದರು. ಅದರಲ್ಲಿ ಒಬ್ಬ ಕೃಷ್ಣಪ್ಪ, ಕುಂದಾಪುರದ ಕಡೆಯವನು, ಬಂದು ಏಳು ತಿಂಗಳಾಗಿತ್ತು. ಒಂಬತ್ತನೇ ವಾರ ಹುಲ್ಲು ಹಳದಿಯಾಗಿ ಬಿತ್ತು. ಯಾವ ಪ್ಲಾಟು ಸತ್ತರೆ ಆ ಪ್ಲಾಟಿನ ಜನ ಬೇಡ, ಅವರ ಕೆಲಸದ ಪರ್ಮಿಟ್ ಮುಗಿಸಿ ಊರಿಗೆ ಕಳಿಸಿ ಎಂದು ಮೇಲಿನಿಂದ ಮೊದಲೇ ಹೇಳಿಟ್ಟಿದ್ದರು. ಕೃಷ್ಣಪ್ಪ ಪೈಪು ಕೆಳಗಿಟ್ಟು ನನ್ನ ಹತ್ತಿರ ಬಂದ.

“ಮೋನಪ್ಪಣ್ಣ, ಇದನ್ನು ಕಿತ್ತು ಬಿಸಾಡುವಾಗ ನಮ್ಮನ್ನೂ ಒಟ್ಟಿಗೆ ಬಿಸಾಡ್ತಾರೆ ಅಲ್ವಾ?”

ಮರುದಿನ ಭಾನುವಾರ, ಸೈಟಿಗೆ ರಜೆ. ನೀರಿನ ಲಾರಿ ತೆಗೆದುಕೊಂಡು ಐದು ಜನ ಪೊಂಗೋಲ್ ಕಡೆ ಹೋದೆವು. ಈಗ ನಮ್ಮ ಬ್ಲಾಕುಗಳು ನಿಂತಿರುವ ಈ ದಿಕ್ಕೆಲ್ಲ ಆಗ ಚೀನೀಯರು ಹಂದಿ, ಕೋಳಿ ಸಾಕಿ, ಸೊಪ್ಪು ಬೆಳೆದು ಬಿಟ್ಟುಹೋದ ಜಾಗ. ಅವರನ್ನು ಎಬ್ಬಿಸಿ ಆಗಿತ್ತು, ಮನೆ ಕಟ್ಟಲು ಶುರುವಾಗಿರಲಿಲ್ಲ. ಕಪ್ಪು ಮಣ್ಣು, ಕೈ ಹಾಕಿದರೆ ಬೆಚ್ಚಗೆ, ಎರೆಹುಳ ತುಂಬಿಕೊಂಡಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಬಕೆಟಿನಲ್ಲಿ ಹೊತ್ತೆವು. ಪ್ಲಾಟಿನ ಮರಳು ಒಂದು ಗೇಣು ತೆಗೆದು, ಮಣ್ಣು ಹರಡಿ, ಮರಳು ಮತ್ತೆ ಮೇಲೆ ಎಳೆದು, ಬೀಜ ಹಾಕಿದೆವು. ಮುಗಿಯಲಿಲ್ಲ, ಮುಂದಿನ ಭಾನುವಾರವೂ ಹೋದೆವು. ಮನೆಗೆ ಬಂದಾಗ ನಿನ್ನ ಅಮ್ಮ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಏನು ವಾಸನೆ ಇದು, ಎಲ್ಲಿ ಹೊರಳಾಡಿದಿರಿ ಎಂದು ಕೇಳಿದಳು. ಚರಂಡಿ ಕೆಲಸ ಎಂದೆ. ಪುಸ್ತಕದಲ್ಲಿ ಬರೆದದ್ದು: ನೀರು. ಕಾದೆವು.

ಹದಿನಾಲ್ಕನೇ ವಾರ ಇಂಜಿನಿಯರ್ ಟಾನ್ ಬಂದ. ಹುಲ್ಲಿನ ಮೇಲೆ ಮೊಣಕಾಲೂರಿ ಕೂತ.

“ಮೋನಪ್ಪಾ, ದಿಸ್ ವನ್ ಓನ್ಲಿ ವಾಟರ್ ಆ?”

“ಓನ್ಲಿ ವಾಟರ್, ಸರ್.”

ಆಗ ತೆಗೆದ ಫೋಟೋ ಅದು. ನಾಲ್ಕು ಜನರ ಪರ್ಮಿಟ್ ಉಳಿಯಿತು. ಕೃಷ್ಣಪ್ಪ ಮತ್ತೆ ನಾಲ್ಕು ವರ್ಷ ದುಡಿದು ಊರಿಗೆ ಹೋದ, ಈಗ ಇಲ್ಲ. ಅವನಿಗಾಗಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಮನೆಗೆ ಬಂದವರೆಲ್ಲ ಫೋಟೋದ ಮುಂದೆ ನಿಲ್ಲುತ್ತಿದ್ದರು. ಆರನೇ ಕ್ಲಾಸಿನವನು ಸಮುದ್ರದ ಮರಳಿಗೆ ಜೀವ ಬರಿಸಿದ ಎಂದು ಅಮ್ಮ ಹೇಳುತ್ತಿದ್ದಳು. ಕೇಳಲು ಚೆನ್ನಾಗಿತ್ತು.

ಇನ್ನೊಂದು ಉಂಟು, ಅದನ್ನು ಅಮ್ಮನಿಗೂ ಈಗಲೇ ಗೊತ್ತಾಗುವುದು. ಮರುವರ್ಷ ಕಂಪನಿ ನನ್ನ ಪುಸ್ತಕ ನೋಡಿ ದೊಡ್ಡ ಜಾಗಕ್ಕೆ ಬರೀ ನೀರಿನ ಕೆಲಸ ಶುರು ಮಾಡಿತು. ಫೋರ್‌ಮನ್ ದ್ವಾರಕನಾಥ್ ಎಂದು, ನನಗಿಂತ ಓದಿದವನು, ಮೆತ್ತಗಿನ ಮನುಷ್ಯ. ಅವನ ಹುಲ್ಲು ಎದ್ದು ಎದ್ದು ಸತ್ತಿತು. ಒಂದು ಸಂಜೆ ನಮ್ಮ ಆಗಿನ ಬ್ಲಾಕಿನ ವಾಯ್ಡ್ ಡೆಕ್‌ಗೆ ಬಂದು ಕಲ್ಲು ಬೆಂಚಿನ ಮೇಲೆ ಕೂತ. ನೀನು ಅಲ್ಲೇ ಸೈಕಲ್ ಬಿಡುತ್ತಿದ್ದೆ.

“ಹತ್ತನೇ ವಾರ ನೀವು ಎಂಥ ಮಾಡಿದ್ದು ಮೋನಪ್ಪ? ಅದೊಂದು ಹೇಳಿ. ನನ್ನ ಕೈಯಲ್ಲಿ ಎಲ್ಲೋ ತಪ್ತಾ ಉಂಟು.”

ನೀರು, ಕಾದೆವು ಎಂದೆ. ಅವನು ಅದನ್ನು ಚೀಟಿಯಲ್ಲಿ ಬರೆದುಕೊಂಡ. ಮೂರು ತಿಂಗಳಲ್ಲಿ ಅವನನ್ನು ಕಳಿಸಿದರು. ಮೋನಪ್ಪನಿಗೆ ಆದದ್ದು ಇವನಿಗೆ ಆಗಲಿಲ್ಲ ಎಂದು ಎಲ್ಲರೂ ಹೇಳಿದರು, ಅವನೂ ಹಾಗೇ ತಿಳಿದುಕೊಂಡು ಹೋದ. ಎಲ್ಲಿದ್ದಾನೋ ಗೊತ್ತಿಲ್ಲ. ಜನವರಿಯಲ್ಲಿ ನಿನ್ನ ಕಾಗದ ಬಂದಾಗ ಅದೇ ಪ್ರಶ್ನೆ, ಹೆಚ್ಚುಕಡಿಮೆ ಅದೇ ಮಾತು. ನಾನು ಕೊಟ್ಟದ್ದೂ ಅದೇ ಉತ್ತರ.

2016ರಲ್ಲಿ ಪೈಪು ಎಳೆದಾಗ ಕಂಡ ಕಪ್ಪು ಪಟ್ಟಿ ಬೇರು ಮಾಡಿದ್ದಲ್ಲ. ಪೊಂಗೋಲಿನ ಹಂದಿ ಕೊಟ್ಟಿಗೆಯ ಮಣ್ಣು. ನೀನು ಅದನ್ನು ಬೆರಳಿನಿಂದ ಮುಟ್ಟಿ ಅತ್ತೆ. ಈಗ ಹೇಳಬೇಕು ಎಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನು ಗೈಡಿಗೆ ಫೋನ್ ಮಾಡಿ, ನಮ್ಮಪ್ಪನ ಹುಲ್ಲು ಸರ್ ಎಂದೆ. ನಾನು ಪೈಪು ಒರೆಸುತ್ತಾ ನಿಂತೆ. ನಿನ್ನ ತೀಸಿಸ್ ನಾನು ಟೀಪಾಯ್ ಮೇಲೆ ಇಟ್ಟದ್ದು ಹೊಟ್ಟೆಕಿಚ್ಚಿನಿಂದ ಅಲ್ಲ. ಅದರ ಮೊದಲ ಪುಟದಲ್ಲಿ ನನ್ನ ಹೆಸರು ಇತ್ತು, ಕೈಯಲ್ಲಿ ಹಿಡಿಯಲು ಆಗಲಿಲ್ಲ.

ಸತ್ತ ನೆಲ ಬದುಕುತ್ತದಾ ಎಂದು ನೀನು ಕೇಳುವುದು. ನನಗೆ ಗೊತ್ತಿರುವುದು ಒಂದೇ ಪ್ಲಾಟು, ಅದು ಬದುಕಲಿಲ್ಲ. ಬೇರೆ ಕಡೆ ಬದುಕಿದ್ದ ಮಣ್ಣನ್ನು ಕದ್ದು ತಂದು ಅದರ ಹೊಟ್ಟೆಯಲ್ಲಿ ಹುಗಿದೆವು. ಅಷ್ಟೇ.

ಈಗ ಗಾಳಿಯ ವಿಷಯ. ನಾನು ಸಮುದ್ರದ ಮರಳು ಎತ್ತುವ ಡ್ರೆಜರ್ ಹಡಗಿನಲ್ಲಿ ಹನ್ನೊಂದು ವರ್ಷ ಇದ್ದವನು. ಮುಚ್ಚಿದ ಟ್ಯಾಂಕಿಗೆ ಇಳಿದವರಿಗೆ ಗಾಳಿ ಕೆಟ್ಟದ್ದು ಗೊತ್ತಾಗುವುದಿಲ್ಲ, ಕೆಟ್ಟ ಗಾಳಿಗೆ ವಾಸನೆ ಇಲ್ಲ. ಮೇಲೆ ನಿಂತವನಿಗೆ ಗೊತ್ತಾಗುತ್ತದೆ. ಕೆಳಗಿನವನು ಹೇಳಿದ್ದನ್ನೇ ಹೇಳಲು ಶುರು ಮಾಡಿದರೆ ಅವನನ್ನು ಕೇಳದೆ ಹಗ್ಗ ಎಳೆಯುವುದು ನಮ್ಮ ಕ್ರಮ. ಮಾರ್ಚ್ ಮೂರರ ಕಾಗದದಲ್ಲಿ ನೀನು ಒಂದು ಮಾತು ಎರಡು ಸಲ ಬರೆದೆ. ಈ ಸಲವೂ ಬರೆದಿದ್ದೀ. ನೀನು ಓದಿ ನೋಡಿರುವುದಿಲ್ಲ.

ಬಾಗಿಲು ತೆಗೆದು ಹೊರಗೆ ಬಾ.

ಅಪ್ಪ


ಲಡಾಖ್, 210ನೇ ದಿನ
28 ಏಪ್ರಿಲ್ 2025

ಕಾಗದ ತಲುಪಿತು.

ಒಟ್ಟು ಎಷ್ಟು ಬಕೆಟ್, ಬಕೆಟ್ ಎಷ್ಟು ದೊಡ್ಡದು, ಪ್ಲಾಟಿನ ಉದ್ದ ಅಗಲ ಪುಸ್ತಕದಲ್ಲಿರುವಷ್ಟೇನಾ, ಮಣ್ಣು ಎಷ್ಟು ದಪ್ಪ ಹರಡಿದಿರಿ, ಬೀಜ ಹೊಸದಾ ಅಥವಾ ಮೊದಲಿನದೇನಾ. ಒಂದನೇ, ಎರಡನೇ ಪ್ಲಾಟಿನ ಬಗ್ಗೆ ಬರೆದದ್ದಾದರೂ ನಿಜವಾ. ಇಷ್ಟಕ್ಕೆ ಮಾತ್ರ ಉತ್ತರ ಬೇಕು.

ಒಳಗೆ ಇನ್ನೂ ಯಾರಿಗೂ ಹೇಳಿಲ್ಲ.

ಜ್ಯೋತ್ಸ್ನಾ


ಸೆಂಗ್‌ಕಾಂಗ್
11 ಮೇ 2025

ಜ್ಯೋತ್ಸ್ನಾ,

ಕೇಳಿದ್ದಕ್ಕೆ ಉತ್ತರ. ಮೊದಲ ಭಾನುವಾರ ಎಪ್ಪತ್ತೊಂದು ಬಕೆಟ್, ಎರಡನೆಯ ಭಾನುವಾರ ಅರವತ್ತೇಳು. ಪೇಂಟಿನ ಬಕೆಟು, ಹತ್ತು ಲೀಟರಿನದು. ಉದ್ದ ಅಗಲ ಪುಸ್ತಕದಲ್ಲಿರುವಷ್ಟೇ. ಮಣ್ಣು ನಾಲ್ಕು ಬೆರಳು ದಪ್ಪ, ಮೂಲೆಗಳಲ್ಲಿ ಕಡಿಮೆ. ಬೀಜ ಹೊಸದು. ಒಂದನೇ, ಎರಡನೇ ಪ್ಲಾಟಿನದು ಪ್ರತಿ ಅಕ್ಷರವೂ ನಿಜ, ಅಲ್ಲಿ ಸುಳ್ಳು ಬರೆಯುವ ಅಗತ್ಯ ಬೀಳಲಿಲ್ಲ. ಬರೆದಿಡದಿದ್ದರೂ ಬಕೆಟಿನ ಎಣಿಕೆ ಮರೆತಿಲ್ಲ. ಮರೆಯಲು ನೋಡಿದ್ದೇನೆ.

ನಿನ್ನ ಕಾಗದದಲ್ಲಿ ಪ್ರೀತಿಯ ಅಪ್ಪ ಇರಲಿಲ್ಲ, ಅಪ್ಪ ಎಂದೂ ಇರಲಿಲ್ಲ. ಅಮ್ಮ ಅದನ್ನು ಮೂರು ಸಲ ಓದಿ, ಅವಳು ಕೇಳಿದ್ದಾದರೂ ಕೇಳಿದಳಲ್ಲ ಎಂದಳು. ನಾನು ಸಿಟ್ಟು ಮಾಡಿಕೊಳ್ಳಲಿಲ್ಲ. ಸಿಟ್ಟು ಮಾಡುವ ಹಕ್ಕು ಈಗ ನಿನ್ನದು.

ಕಳೆದ ಬುಧವಾರ ನಿಮ್ಮ ಡಾಕ್ಟರನ ಹೆಂಡತಿ ಕೌಸಲ್ಯಾ ಮೈಸೂರಿನಿಂದ ಅಮ್ಮನಿಗೆ ಫೋನ್ ಮಾಡಿದ್ದಳು, ನಂಬರ್ ಲೇಹ್ ಆಫೀಸಿನವರು ಕೊಟ್ಟರಂತೆ. ಅವಳ ಗಂಡನ ಕಾಗದದಲ್ಲೂ ಒಂದೇ ಸಾಲು ಎರಡೆರಡು ಸಲ ಇತ್ತಂತೆ. “ಆಂಟಿ, ನಿಮ್ಮ ಮಗಳದ್ದೂ ಹಾಗೇ ಇದೆಯಾ, ನನಗೊಬ್ಬಳಿಗೇ ಹೀಗನ್ನಿಸ್ತಿದೆಯಾ?” ಎಂದು ಕೇಳಿ ಅತ್ತಳು. ಆಫೀಸಿಗೆ ಕೇಳಿದರೆ ಎಲ್ಲ ಲಿಮಿಟ್ ಒಳಗೆ ಇದೆ ಎನ್ನುತ್ತಾರಂತೆ. ಲಿಮಿಟ್ ಬರೆದವನು ಟ್ಯಾಂಕಿನ ಒಳಗೆ ಕೂತಿರುವುದಿಲ್ಲ.

ನೀನು ಏನು ಯೋಚಿಸುತ್ತಿದ್ದೀ ಎಂದು ನನಗೆ ಗೊತ್ತು, ಯಾಕೆಂದರೆ ನಾನು ಯೋಚಿಸಿದ್ದೂ ಅದನ್ನೇ. ಬಾಗಿಲು ತೆಗೆದರೆ ಆರು ಜನರ ವರ್ಷ ಹಾಳು. ಯಾಕೆ ತೆಗೆದೆ ಎಂದು ಕೇಳುತ್ತಾರೆ, ಆಗ ಪುಸ್ತಕದ ವಿಷಯ ಹೇಳಬೇಕು. ಹೇಳಿದರೆ ತೀಸಿಸ್ ಹೋಗುತ್ತದೆ, ಹೆಸರು ಹೋಗುತ್ತದೆ, ಅಪ್ಪನ ಹೆಸರೂ ಹೋಗುತ್ತದೆ. ಹೇಳದೆ ಸೆಪ್ಟೆಂಬರ್ ತನಕ ಮಲಗಿ ಉಸಿರಾಡಿ, ಬೆಳೆ ಬರಲಿಲ್ಲ, ಕಾಯುವುದು ಸಾಲಲಿಲ್ಲ ಎಂದು ಒಂದು ರಿಪೋರ್ಟ್ ಬರೆದುಬಿಟ್ಟರೆ ಎಲ್ಲವೂ ಉಳಿಯುತ್ತದೆ. ಆಮೇಲೆ ಯಾರೋ ಒಬ್ಬರು ನಿನ್ನ ರಿಪೋರ್ಟ್ ಹಿಡಿದುಕೊಂಡು ಇನ್ನೊಂದು ಡಬ್ಬಿಯೊಳಗೆ ಹೋಗಿ ಕಾಯುತ್ತಾರೆ. ಯಾರಿಗೂ ಹೇಳಿಲ್ಲ ಎಂದು ಬರೆದೆಯಲ್ಲ, ಆ ಸಾಲು ಓದಿದಾಗ ನನಗೆ ನನ್ನದೇ ಅಕ್ಷರ ಓದಿದ ಹಾಗೆ ಆಯಿತು. ನಿನಗೆ ನಾನು ಕಲಿಸಿದ್ದು ಹುಲ್ಲು ಬೆಳೆಸುವುದು ಅಲ್ಲ, ಇದು.

ಹಾಗಾಗಿ ಮೊನ್ನೆ ನಿಮ್ಮ ಲೇಹ್ ಆಫೀಸಿನವರಿಗೆ, ಅವರಿಗೆ ಓದಲು ಬರುವ ಹಾಗೆ, ಅಮ್ಮನ ಕೈಯಲ್ಲಿ ಇಂಗ್ಲಿಷಿನಲ್ಲಿ ಒಂದು ಕಾಗದ ಬರೆಸಿದ್ದೇನೆ. 1993ರಲ್ಲಿ ನಾನು ಏನು ಮಾಡಿದೆ, ಎಷ್ಟು ಬಕೆಟ್, ಯಾರಿಗೆ ಸುಳ್ಳು ಹೇಳಿದೆ, ನಿನಗೆ ಇದು ಏಪ್ರಿಲ್ ತನಕ ಗೊತ್ತಿರಲಿಲ್ಲ, ಎಲ್ಲ ಉಂಟು. ನಿನ್ನ ಕಾಗದಗಳಲ್ಲಿ ಎರಡು ಸಲ ಬಂದ ಸಾಲುಗಳ ಫೋಟೋವೂ ಉಂಟು. ನಾನು ಸಹಿ ಹಾಕಿದ್ದೇನೆ. ಇನ್ನೂ ಕಳಿಸಿಲ್ಲ. ಈಗಲೇ ಕಳಿಸಿ ಎಂದು ಅಮ್ಮ ಎರಡು ದಿನದಿಂದ ಹೇಳುತ್ತಿದ್ದಾಳೆ, ಅವಳು ಹೇಳುವುದೂ ಸರಿಯೇ. ನಾನು ಕಳಿಸಿ ಅವರು ಬಾಗಿಲು ತೆಗೆದರೆ, ಸುಳ್ಳು ಹೇಳಿದವನ ಮಗಳನ್ನು ಹೊರಗೆ ಎಳೆದರು ಎಂದಾಗುತ್ತದೆ. ನೀನೇ ಎದ್ದು, ಆ ಐದು ಜನರನ್ನು ಕೂರಿಸಿ, ಪುಸ್ತಕ ಸುಳ್ಳು ಎಂದು ಹೇಳಿ ತೆಗೆದರೆ ಅದು ಬೇರೆ. ನನಗೆ ಮೂವತ್ತೆರಡು ವರ್ಷ ಬೇಕಾಯಿತು. ನಿನಗೆ ಅಷ್ಟು ಗಾಳಿ ಇಲ್ಲ.

ನನ್ನನ್ನು ಕ್ಷಮಿಸು ಎಂದು ಕೇಳಲು ಇದನ್ನು ಬರೆಯುತ್ತಿಲ್ಲ. ಮಾತಾಡುವುದಿಲ್ಲ ಎಂದರೆ ಮಾತಾಡಬೇಡ. ಹೊರಗೆ ಬಂದು ಮಾತಾಡಬೇಡ.

ಬಾಗಿಲು ನೀನು ತೆಗೆಯುತ್ತೀಯೋ, ನಾನು ತೆಗೆಸಬೇಕೋ? ಮೇ 25, ಭಾನುವಾರದೊಳಗೆ ಉತ್ತರ ಬೇಕು.

ಅಪ್ಪ